ಮೊಣಕಾಲು ನೋವಿಗೆ ಪುಡಿ ಪೊಟ್ಟಣ ಮದ್ದಲ್ಲ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು – ಯಾವ ಬಸ್ ನಿಲ್ದಾಣಕ್ಕೆ ಹೋದರೂ ಒಂದು ನೋಟ ಸಾಮಾನ್ಯ. ಬಸ್ಸು ಬಂದು ನಿಂತಿರುತ್ತದೆ, ಮೆಟ್ಟಿಲ ಬುಡದಲ್ಲಿ ಹಿರಿಯರು ತಡವರಿಸುತ್ತಾರೆ. ಒಂದು ಕೈ ಸರಳಿಗೆ, ಇನ್ನೊಂದು ಕೈ ಮೊಣಕಾಲಿಗೆ. ‘ಲಗೂ ಹತ್ರಿ’ ಎಂದು ಕಂಡಕ್ಟರನ ಕೂಗು. ‘ವಯಸ್ಸಾತು, ಇನ್ನ ಹಿಂಗ’ ಎಂದು ಬಹುಮಂದಿ ಸುಮ್ಮನಾಗುತ್ತಾರೆ. ಆದರೆ ಎಲ್ಲ ಮೊಣಕಾಲು ನೋವೂ ಒಂದೇ ಅಲ್ಲ.

ಕಾರಣ ಏನು?

ಎರಡು ಎಲುಬು ಕೂಡುವಲ್ಲಿ ನುಣುಪಾದ ಮೆತ್ತೆಲುಬಿನ ಹೊದಿಕೆ ಇರುತ್ತದೆ. ಅದು ಸವೆದರೆ ನೋವು, ಬಿಗಿತ, ಬಾವು. ವಯಸ್ಸು, ಮೈಭಾರ, ಹಳೆಯ ಪೆಟ್ಟು, ಮನೆತನದ ಗುಣ – ಇವು ಮುಖ್ಯ ಕಾರಣಗಳು. ವರ್ಷಾನುಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರಿಗೆ, ಚೀಲ ಹೊರುವ ಹಮಾಲರಿಗೆ ಅಪಾಯ ಹೆಚ್ಚು.

ಬೆಳಿಗ್ಗೆ ತಾಸುಗಟ್ಟಲೆ ಕೀಲು ಬಿಗಿದು, ಕೈಬೆರಳ ಗಿಣ್ಣುಗಳೂ ಬಾತರೆ ಅದು ಆಮವಾತ ಇದ್ದೀತು. ಅದರ ಔಷಧವೇ ಬೇರೆ. 2006ರಲ್ಲಿ ರಾಜ್ಯದ ತುಂಬ ಹಬ್ಬಿದ ಚಿಕೂನ್‌ಗುನ್ಯ ಜ್ವರವೂ ಅನೇಕರ ಕೀಲು ಹಿಡಿಸಿತ್ತು. ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಕೀವು ತುಂಬಿದ್ದರೆ ಕೀಲೇ ಹಾಳು.

ಪೊಟ್ಟಣದ ಮೋಸ

ಸಂತೆಯಲ್ಲಿ ಹೆಸರಿಲ್ಲದ ಪುಡಿ ತಿಂದು ಎರಡೇ ದಿನಕ್ಕೆ ಓಡಾಡಿದವರುಂಟು. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವ ಸಂಭವವಿದೆ. ನೋವು ಅಡಗುತ್ತದೆ, ಒಳಗೆ ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಯೂ ಹೊಟ್ಟೆಯಲ್ಲಿ ಹುಣ್ಣು ಮಾಡೀತು, ಮೂತ್ರಪಿಂಡ ಕೆಡಿಸೀತು.

ಮಾಡಬೇಕಾದ್ದು

ಒಂದು ಕಿಲೊ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲಿನ ಭಾರ ಸುಮಾರು ನಾಲ್ಕು ಕಿಲೊ ಇಳಿಯುತ್ತದೆ. ಗಲ್ಲೆಯ ಮುಂದೆ ಕೂತ ವ್ಯಾಪಾರಿ ಗಿರಾಕಿ ಇಲ್ಲದಾಗ ಕಾಲು ನೇರ ಚಾಚಿ, ಐದೆಣಿಸಿ ಇಳಿಸಲಿ. ಹತ್ತು ಸಲ ಮಾಡಲಿ. ತೊಡೆಯ ಸ್ನಾಯು ಗಟ್ಟಿಯಾದಷ್ಟು ಕೀಲಿಗೆ ಆಸರೆ. ಕೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಬಸ್ಸು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಕೊನೆಯ ದಾರಿ ಆಪರೇಶನ್

ಇಷ್ಟಕ್ಕೂ ಬಗ್ಗದೆ ರಾತ್ರಿ ನಿದ್ದೆಗೆಟ್ಟರೆ ಕೀಲು ಬದಲಿಸುವ ಮಾತು. ಹಾಕಿದ ಕೀಲುಗಳಲ್ಲಿ ನೂರಕ್ಕೆ ಸುಮಾರು 80 ಇಪ್ಪತ್ತೈದು ವರ್ಷ ಬಾಳಿದ ಲೆಕ್ಕವಿದೆ. ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಕೃತಕ ಕೀಲಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ, ತೆರಿಗೆ ಬಿಟ್ಟು, 54,720 ರೂಪಾಯಿ ಮಿತಿ ಹಾಕಿತು. ಅದು ಕೀಲಿನ ದರ ಮಾತ್ರ. ಆಸ್ಪತ್ರೆಯ ಖರ್ಚು ಬೇರೆ. ಬಿಲ್ಲಿನಲ್ಲಿ ಕೀಲಿನ ಬೆಲೆ ಪ್ರತ್ಯೇಕ ಬರೆಸಿಕೊಳ್ಳುವುದು ರೋಗಿಯ ಹಕ್ಕು.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಹಾವೇರಿ ಇಲ್ಲವೆ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಚೀಟಿ ಬರೆಸಿಕೊಳ್ಳಬಹುದು. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಸಾಲ ಮಾಡುವ ಮೊದಲು ಸರಕಾರಿ ನೆರವು ಎಷ್ಟು ಸಿಗುತ್ತದೆಂದು ಅಲ್ಲೇ ಕೇಳುವುದು ಲೇಸು.