ಬಚ್ಚಲುಮನೆಯ ಗೋಡೆಯ ತೇವ ಮತ್ತು ಉಸಿರಾಟದ ಆರೋಗ್ಯ

ಇಷ್ಟಲಿಂಗಾರ್ಚನೆಗೆ ಮುನ್ನ ಮನೆಮಂದಿಯೆಲ್ಲರೂ ಸ್ನಾನ ಮುಗಿಸುವುದು ನಮ್ಮ ಮನೆಗಳ ಪದ್ಧತಿ. ಹೀಗಾಗಿ ಬೆಳಗಿನ ಹೊತ್ತು ಬಚ್ಚಲುಮನೆಯ ಗೋಡೆಗೆ ಬಿಡುವೆಂಬುದಿಲ್ಲ. ಹಿಂದೆ ಅದೇ ಕೋಣೆಯಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಹೊಗೆಯ ಬಾಧೆ ಇದ್ದುದು ನಿಜ; ಆದರೆ ಒಲೆಯ ಕಾವು ಗೋಡೆಯನ್ನು ಒಣಗಿಸುತ್ತಿತ್ತು. ಕುಳಿತು ಚೊಂಬಿನಿಂದ ಸುರಿದುಕೊಂಡ ನೀರು ಗೋಡೆಯ ಕೆಳಭಾಗಕ್ಕಷ್ಟೇ ಸಿಡಿಯುತ್ತಿತ್ತು. ಇಂದು ಒಲೆಯಿಲ್ಲ, ಕಿಟಕಿ ಚಿಕ್ಕದು, ಷವರ್‌ ನೀರು ತಲೆಯ ಮೇಲಿನಿಂದಲೇ ಗೋಡೆಯನ್ನು ತೋಯಿಸುತ್ತದೆ. ಟೈಲ್ಸ್ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ.

ಟೈಲ್ಸ್‌ನ ಹೊಳೆಯುವ ಮುಖದಿಂದ ನೀರು ಒಳಗಿಳಿಯುವುದಿಲ್ಲ. ಆದರೆ ಸಂದುಗಳಲ್ಲಿ ತುಂಬಿದ ಬಿಳಿ ಸಿಮೆಂಟು ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ನೀರನ್ನು ಹೀರುತ್ತದೆ. ಗೋಡೆಗೆ ಬಳಸುವ ಸಾಮಾನ್ಯ ಸೆರಾಮಿಕ್ ಟೈಲ್ಸ್ ಹಿಂಬದಿಯಿಂದ ತನ್ನ ತೂಕದ ಶೇ. 10ಕ್ಕೂ ಹೆಚ್ಚು ನೀರನ್ನು ಕುಡಿಯಬಲ್ಲದು. ಅಲ್ಲಲ್ಲಿ ಗಾರೆಯ ಮುದ್ದೆಯಿಟ್ಟು ಅಂಟಿಸಿದ್ದರೆ ಹಿಂದೆ ಪೊಳ್ಳು ಉಳಿದು ಅಲ್ಲಿಯೇ ನೀರು ನಿಲ್ಲುತ್ತದೆ. ಮುಂದೆ ಅದು ಗಾರೆಗೆ, ಇಟ್ಟಿಗೆಗೆ, ಕೊನೆಗೆ ಆಚೆ ಬದಿಯ ಮಲಗುವ ಕೋಣೆಗೆ ಹಬ್ಬುತ್ತದೆ. ಅಲ್ಲಿ ಬಣ್ಣ ಉಬ್ಬಿ, ಬಿಳಿಯ ಉಪ್ಪಿನ ಪುಡಿ ಉದುರತೊಡಗಿದಾಗ ನಾವು ಬಣ್ಣದವರನ್ನು ಕರೆಸುತ್ತೇವೆ. ಅದು ವ್ಯರ್ಥ ವೆಚ್ಚವೇ ಸರಿ.

ತೇವ ಆರದ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಮಲಗಿದವರ ಉಸಿರಿನೊಂದಿಗೆ ಒಳಸೇರುತ್ತವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ ಹಾಗೂ ಸೋಂಕುಗಳು ಹೆಚ್ಚೆಂದೂ, ಆಸ್ತಮಾ ಉಲ್ಬಣಿಸುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಗುವಿನ ರಾತ್ರಿಕೆಮ್ಮು ವಾಸಿಯಾಗದಿದ್ದರೆ ವೈದ್ಯರ ಔಷಧವನ್ನು ಮುಂದುವರಿಸುತ್ತಲೇ ಮಂಚದ ಹಿಂದಿನ ಗೋಡೆಯನ್ನೂ ಮುಟ್ಟಿ ನೋಡಬೇಕು. ಒದ್ದೆ ಗೋಡೆಯಲ್ಲಿ ಗೀಸರಿನ ಸ್ವಿಚ್ಚಿದ್ದರೆ ಅಪಾಯ ಬೇರೆ ಬಗೆಯದು. ಸೋರಿಕೆ ವಿದ್ಯುತ್ತನ್ನು ತಡೆಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಪ್ರತಿ ಮನೆಯಲ್ಲೂ ಇರತಕ್ಕದ್ದು.

ಸಂದುಗಳ ದೊಡ್ಡ ಶತ್ರು ನಮ್ಮ ಶುಚಿತ್ವದ ಅತಿ ಉತ್ಸಾಹವೇ. ಹೊಳಪಿಗಾಗಿ ಸುರಿಯುವ ಆ್ಯಸಿಡ್ ಕಲೆಯೊಂದಿಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆ್ಯಸಿಡ್‌ನೊಂದಿಗೆ ಬ್ಲೀಚಿಂಗ್ ಪುಡಿ ಬೆರೆತರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಇವೆರಡನ್ನು ಎಂದಿಗೂ ಕೂಡಿಸಲಾಗದು. ಸಾಬೂನಿನ ನೀರು, ಮೆದು ಬ್ರಷ್ಷು ಸಾಕು. ಕೊನೆಯವರು ಸ್ನಾನ ಮುಗಿಸಿದ ಮೇಲೆ ರಬ್ಬರ್ ವೈಪರ್‌ನಿಂದ ಗೋಡೆಯ ನೀರನ್ನು ಕೆಳಗಿಳಿಸಿ, ಬಾಗಿಲು ಕಿಟಕಿ ತೆರೆದಿಡುವುದಕ್ಕೆ ಎರಡು ನಿಮಿಷ ಹಿಡಿಯುತ್ತದೆ.

ಒಣಗಿದ ಸಂದಿನ ಮೇಲೆ ನಾಲ್ಕು ಹನಿ ನೀರಿಟ್ಟು ನೋಡಿರಿ. ಕೂಡಲೇ ಹೀರಿ ಕಪ್ಪಾದರೆ ನೀರಿನ ದಾರಿ ತೆರೆದಿದೆಯೆಂದೇ ಅರ್ಥ. ಬೆರಳ ಗಂಟಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಟೈಲ್ಸ್ ಗುರುತಿಸಿರಿ. ಅವನ್ನು ಕಿತ್ತು, ಪೂರ್ತಿ ಅಂಟು ಬಳಿದು ಕೂರಿಸಬೇಕು. ಹಳೆಯ ಸಂದಿನ ಮೇಲೆಯೇ ಬಿಳಿ ಸಿಮೆಂಟು ಸವರಿದರೆ ಅದು ನಿಲ್ಲದು. ಕೆರೆದು ತೆಗೆದು, ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿಸುವುದು ಲೇಸು. ಬೆಲೆ ಹೆಚ್ಚು, ಆದರೆ ಅದು ನೀರು ಹೀರುವುದಿಲ್ಲವೆನ್ನಬಹುದು. ಗೋಡೆ ನೆಲಕ್ಕೆ ಸೇರುವ ಮೂಲೆ ಸದಾ ಕೊಂಚ ಅಲುಗುವುದರಿಂದ ಅಲ್ಲಿ ಸಿಲಿಕೋನ್ ಸೀಲಂಟ್ ಬೇಕು. ಹೊಸ ಮನೆ ಕಟ್ಟಿಸುವವರು ಟೈಲ್ಸ್‌ಗೆ ಮುನ್ನವೇ ಗಾರೆಯ ಮೇಲೆ ಷವರ್‌ನ ಎತ್ತರಕ್ಕೆ ಜಲನಿರೋಧಕ ಲೇಪವನ್ನು ಎರಡು ಬಾರಿ ಬಳಿಸಲಿ.

ನೆನೆದ ಇಟ್ಟಿಗೆ ಗೋಡೆ ಆರಲು ವಾರಗಳೇ ಬೇಕು. ಪ್ರಸಾದ ನಿಲಯಗಳಲ್ಲಿ ಈ ಕೆಲಸಕ್ಕೆ ಏಪ್ರಿಲ್–ಮೇ ರಜೆಯೇ ತಕ್ಕ ಕಾಲ. ಮಕ್ಕಳು ಇರುವುದಿಲ್ಲ, ಬಿಸಿಲೂ ಚೆನ್ನಾಗಿರುತ್ತದೆ.