ರಕ್ಕಸನನ್ನು ಕೊಂದವರಾರು?

ಇಂದ್ರಕೀಲ ಪರ್ವತದಲ್ಲಿ ಒಂದೇ ಹಂದಿಗೆ ಅರ್ಜುನನ ಬಾಣವೂ ಕಿರಾತನ ಬಾಣವೂ ನಾಟಿದ ಕಥೆಯನ್ನು ಕೇಳದವರು ವಿರಳ. ಬೇಟೆ ಯಾರದೆಂಬ ಆ ಜಗಳ ಇಂದು ಗಣಕಯಂತ್ರದ ತೆರೆಯ ಮೇಲೆಯೂ ನಡೆಯುತ್ತಿದೆ. ಅದನ್ನು ತೀರ್ಮಾನಿಸುವ ಬಗೆಯನ್ನು ಯಂತ್ರಕ್ಕೆ ಹೇಗೆ ಕಲಿಸಬೇಕು?

ಅಂತರಜಾಲದ ಮೂಲಕ ಸಾವಿರಾರು ಜನ ಏಕಕಾಲದಲ್ಲಿ ಒಂದೇ ಕಲ್ಪಿತ ಲೋಕದಲ್ಲಿ ಸಂಚರಿಸುವ ಆಟಗಳುಂಟು. ಅಂಥ ಲೋಕದಲ್ಲಿ ಅಲ್ಲಲ್ಲಿ ಒಬ್ಬೊಬ್ಬ ಮಹಾರಕ್ಕಸನಿರುತ್ತಾನೆ. ಆಟಗಾರರು ಅವನನ್ನು 'ಬಾಸ್' ಎನ್ನುತ್ತಾರೆ. ಅವನನ್ನು ಕೊಲ್ಲಲು ಹಲವರು ತಂಡ ಕಟ್ಟಬೇಕು. ಕೊಂದರೆ ದುರ್ಲಭವಾದ ಆಯುಧವೋ ಕವಚವೋ ದೊರಕುತ್ತದೆ. ಆದರೆ ರಕ್ಕಸನೊಬ್ಬ, ತಂಡಗಳು ಹಲವು. 2002ರಲ್ಲಿ ಜಪಾನಿನಲ್ಲಿ ಹೊರಬಂದ 'ಫೈನಲ್ ಫ್ಯಾಂಟಸಿ 11' ಎಂಬ ಆಟದಲ್ಲಿ ಫಾಫ್ನಿರ್ ಎಂಬ ಘಟಸರ್ಪ ಸತ್ತ ಮೇಲೆ ಮತ್ತೆ ಹುಟ್ಟಲು 21ರಿಂದ 24 ಗಂಟೆ ಹಿಡಿಯುತ್ತಿತ್ತು. ಆ ಗಳಿಗೆಗಾಗಿ ತಂಡಗಳು ನಿದ್ದೆಗೆಟ್ಟು ಕಾಯುತ್ತಿದ್ದವು. ಆಯುಧ ಕಲ್ಪಿತವಾದರೂ ಅದಕ್ಕಾಗಿ ವ್ಯಯವಾಗುವುದು ಮನುಷ್ಯರ ನಿಜವಾದ ಆಯುಷ್ಯ. ಆದುದರಿಂದ ಇಲ್ಲಿಯ ನ್ಯಾಯದ ಪ್ರಶ್ನೆಯನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

1999ರ 'ಎವರ್‌ಕ್ವೆಸ್ಟ್' ಆಟ ಏಟುಗಳ ಮೊತ್ತವನ್ನು ಅಳತೆಗೋಲಾಗಿ ಹಿಡಿಯಿತು. ಯಾವ ತಂಡದ ಏಟು ಹೆಚ್ಚೋ ಅದಕ್ಕೇ ಲಾಭ. ರಕ್ಕಸನ ಪ್ರಾಣಬಲ 1,00,000 ಎಂದು ಭಾವಿಸೋಣ. ಸಣ್ಣ ತಂಡವೊಂದು ಅರ್ಧ ಗಂಟೆ ಹೆಣಗಿ 45,000 ಕಳೆಯುತ್ತದೆ. ಅಷ್ಟರಲ್ಲಿ ಬಲಿಷ್ಠರ ಪಡೆ ನುಗ್ಗಿ ಉಳಿದ 55,000ವನ್ನು ಐದೇ ನಿಮಿಷದಲ್ಲಿ ಕಳೆಯುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ಮೊದಲು ಬಂದವರು ಬರಿಗೈಯಲ್ಲಿ ಹಿಂದಿರುಗಬೇಕು.

ಹಾಗಾದರೆ ಮೊದಲು ಕೈಮಾಡಿದವರಿಗೇ ಹಕ್ಕು ಕೊಡಬಹುದಲ್ಲವೇ? ಫೈನಲ್ ಫ್ಯಾಂಟಸಿ ಮಾಡಿದ್ದು ಇದನ್ನೇ. ಆದರೆ ಇಲ್ಲಿ ಭೌತವಿಜ್ಞಾನ ಅಡ್ಡಬರುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುತ್ತದೆ. ಆಟವನ್ನು ನಡೆಸುವ ಯಂತ್ರ 10,000 ಕಿಲೋಮೀಟರ್ ದೂರದಲ್ಲಿದ್ದರೆ, ರಕ್ಕಸ ಹುಟ್ಟಿದ ಸುದ್ದಿ ಬಂದು ಏಟಿನ ಆಜ್ಞೆ ಹಿಂದಿರುಗಲು ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಬೇಕು. ಯಂತ್ರದ ನೆರೆಯೂರಿನವನಿಗೆ ಈ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಇದಲ್ಲದೆ, ಕಣ್ಣು ಕಂಡುದಕ್ಕೆ ಕೈ ಓಗೊಡಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಅದನ್ನೂ ಉಳಿಸಲೆಂದು ಕೆಲವರು ತಮ್ಮ ಬದಲಿಗೆ ತಾನೇ ಏಟು ಹಾಕುವ 'ಬಾಟ್' ಎಂಬ ಕ್ರಮವಿಧಿಯನ್ನು ಕಾವಲಿಗಿಟ್ಟರು!

ಮೂರನೆಯ ಉಪಾಯ ಕೊರತೆಯನ್ನೇ ನೀಗುವುದು. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಇದನ್ನು ವ್ಯಾಪಕವಾಗಿ ಬಳಸಿತು. ಒಂದೇ ಸಿನಿಮಾದ ಅನೇಕ ಪ್ರತಿಗಳು ಊರೂರಿನಲ್ಲಿ ಓಡುವಂತೆ, ಪ್ರತಿಯೊಂದು ತಂಡಕ್ಕೂ ರಕ್ಕಸನ ಗುಹೆಯ ಪ್ರತ್ಯೇಕ ಪ್ರತಿಯನ್ನು ಯಂತ್ರ ಸೃಷ್ಟಿಸುತ್ತದೆ. ಜಗಳ ತಪ್ಪಿತು; ಆದರೆ ಎಲ್ಲರೂ ಒಂದೇ ಲೋಕದಲ್ಲಿರುವ ಸ್ವಾರಸ್ಯವೂ ಅಷ್ಟರಮಟ್ಟಿಗೆ ಕುಗ್ಗಿತು.

2012ರ 'ಗಿಲ್ಡ್ ವಾರ್ಸ್ 2' ರಕ್ಕಸನನ್ನು ಬಯಲಿನಲ್ಲೇ ಉಳಿಸಿ, ಹೋರಾಟದಲ್ಲಿ ಪಾಲುಗೊಂಡ ಪ್ರತಿಯೊಬ್ಬನಿಗೂ ಬೇರೆ ಬೇರೆ ಬಹುಮಾನ ಕೊಟ್ಟಿತು. ಪಕ್ಕದವನು ಸ್ಪರ್ಧಿಯಾಗದೆ ಸಹಾಯಕನಾದ. ಆದರೆ ಪಾಲುಗೊಳ್ಳುವುದೆಂದರೇನು? ನಾಲ್ಕು ಏಟು ಹಾಕಿ ಪಕ್ಕಕ್ಕೆ ನಿಂತ ಸೋಮಾರಿಯೂ ಪಾಲುಗಾರನೇ? ಸಂಗಡಿಗರ ಗಾಯ ಮಾಗಿಸುತ್ತ, ರಕ್ಕಸನಿಗೆ ಒಂದು ಏಟನ್ನೂ ಹಾಕದ ವೈದ್ಯನ ದುಡಿಮೆಯನ್ನು ಅಳೆಯುವುದು ಹೇಗೆ?

ಎವರ್‌ಕ್ವೆಸ್ಟ್ ಆಟದ ಕೆಲವೆಡೆ ತಂಡಗಳು ತಾವೇ ಕೂಡಿ ಮಾತಾಡಿ ಸರದಿ ಗೊತ್ತುಮಾಡಿಕೊಂಡದ್ದೂ ಉಂಟು. ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯು ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕ್ರಮದ ಬಂಧುವೇ ಇದು. ಅಮೆರಿಕದ ವಿದ್ವಾಂಸೆ ಎಲಿನರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ಸ್ಪೇನಿನ ಕಾಲುವೆಗಳನ್ನೂ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳನ್ನೂ ಪರಿಶೀಲಿಸಿ, ಬಳಸುವವರೇ ಸೇರಿ ಕಟ್ಟಿಕೊಂಡ ನಿಯಮಗಳು ಬಹುಕಾಲ ಬಾಳಬಲ್ಲವೆಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಆದರೆ ಸರದಿಯೂ ನಿರ್ದೋಷವಲ್ಲ. ಹೊಸದಾಗಿ ಬಂದ ತಂಡಕ್ಕೂ ಅದರಲ್ಲಿ ಎಡೆಯಿದ್ದರೆ ಮಾತ್ರ ಅದು ನ್ಯಾಯವೆನಿಸೀತು.

ಕೂಡಿಸುವುದರಲ್ಲಿ ಯಂತ್ರ ತಪ್ಪುವುದಿಲ್ಲ. ಆದರೆ ಬಲವೋ, ವೇಗವೋ, ಶ್ರಮವೋ, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಅದು ತಾನಾಗಿ ಅರಿಯದು. ಅದನ್ನು ನಿಶ್ಚಯಿಸುವ ಹೊಣೆ ಮನುಷ್ಯನದೇ.