ದುಬೈ ಸಂಬಳದ ಲೆಕ್ಕ

ಅಣ್ಣನಿಗೆ ದುಬೈಯಲ್ಲಿ 5,000 ದಿರ್ಹಮ್ ಸಂಬಳದ ಕೆಲಸ ಸಿಕ್ಕಿದಾಗ ಮನೆಯಲ್ಲಿ ಎಲ್ಲರೂ ಮೊದಲು ಮಾಡಿದ್ದು ಗುಣಾಕಾರ. ಒಂದು ದಿರ್ಹಮಿಗೆ 20ಕ್ಕಿಂತ ಹೆಚ್ಚು ರೂಪಾಯಿ, ಅಂದರೆ ತಿಂಗಳಿಗೆ ಲಕ್ಷಕ್ಕೂ ಮಿಕ್ಕಿ! ಕಾಮರ್ಸ್ ಓದುವ ನಾನೂ ಹಾಗೆಯೇ ಲೆಕ್ಕ ಹಾಕಿದೆ. ಖರ್ಚೂ ದಿರ್ಹಮಿನಲ್ಲೇ ಎಂಬುದು ಅರಿವಾದದ್ದು, ಅತ್ತಿಗೆಯನ್ನು ಕರೆಸಿಕೊಳ್ಳಲು ಅಣ್ಣ ಮನೆ ಹುಡುಕತೊಡಗಿದಾಗ.

ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಪ್ರತಿ ತಿಂಗಳು ಕೊಡುವ ಬದಲು, ಮುಂದಿನ ದಿನಾಂಕ ಹಾಕಿದ ಕೆಲವೇ ಚೆಕ್‌ಗಳನ್ನು ಮೊದಲೇ ಬರೆದುಕೊಡುವುದು ರೂಢಿ. ವರ್ಷಕ್ಕೆ 48,000 ದಿರ್ಹಮಿನ ಚಿಕ್ಕ ಮನೆ, ನಾಲ್ಕು ಚೆಕ್ ಎಂದಿಟ್ಟುಕೊಳ್ಳಿ. ಮೊದಲ ಚೆಕ್ 12,000. ಬಾಡಿಗೆಯ ಶೇ. 5ರಂತೆ ಠೇವಣಿ 2,400, ಏಜೆಂಟರ ಕಮಿಷನ್ ಹೆಚ್ಚುಕಡಿಮೆ ಅಷ್ಟೇ. ಕರೆಂಟು, ನೀರಿನ ಸಂಪರ್ಕಕ್ಕೆ 2,000 ಠೇವಣಿ ಬೇರೆ. ಒಟ್ಟು 18,800: ನಾಲ್ಕು ತಿಂಗಳ ಸಂಬಳಕ್ಕೆ ಸ್ವಲ್ಪವೇ ಕಡಿಮೆ. ಮಂಚ, ಫ್ರಿಜ್ಜು ಇನ್ನೂ ಬಂದಿಲ್ಲ!

ಮುನ್ಸಿಪಾಲಿಟಿಯ ವಸತಿ ಶುಲ್ಕವೂ ಇದೆ. ವರ್ಷದ ಬಾಡಿಗೆಯ ಶೇ. 5ನ್ನು ಹನ್ನೆರಡು ಪಾಲು ಮಾಡಿ ಕರೆಂಟು ಬಿಲ್ಲಿಗೆ ಸೇರಿಸುತ್ತಾರೆ. ನಮಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ನಿಜ, ಆದರೆ 2018ರಿಂದ ಹೆಚ್ಚಿನ ಸಾಮಾನುಗಳ ಮೇಲೆ ಶೇ. 5 ವ್ಯಾಟ್ ಇದೆ.

ಉಮ್ಮ ಬಳೆ ಅಡವಿಡಲು ಹೊರಟರು. ಅಣ್ಣ ಒಪ್ಪಲಿಲ್ಲ. ಈಗ ಅವನಿರುವುದು ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ. ಅತ್ತಿಗೆ ನಮ್ಮ ಜೊತೆಗಿದ್ದಾರೆ. ಹೋಗುವ ಮೊದಲು ಕಂಪನಿಯವರಲ್ಲಿ “ವಸತಿ ನೀವು ಕೊಡುತ್ತೀರಾ?” ಎಂದು ಕೇಳಬೇಕಿತ್ತು ಎಂದು ಅಣ್ಣ ಫೋನಿನಲ್ಲಿ ಹೇಳುತ್ತಿರುತ್ತಾನೆ.